ಆನೆ ಕೋವಿಯ ಒದೆತ ತಿಂದವನ ಕಥೆ: ಸ್ಯಾಂಡರ್ಸನ್, ಬಿಳಿಗಿರಿಯ ಕಾಡು ಮತ್ತು ಇಂದಿನ ರೈಫಲ್ ಬಫರ್

ವಾಟ್ಸಾಪ್‌ನಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಆಗಾಗ ಸುತ್ತುತ್ತಿರುತ್ತವೆ. ಒಂದು, ಸಿನಿಮಾದ ತುಣುಕು. ನಾಯಕ ದೊಡ್ಡ ಬಂದೂಕು ಹಾರಿಸುತ್ತಾನೆ, ಗುಂಡು ತಗುಲಿದವನು ಹತ್ತು ಅಡಿ ಹಿಂದಕ್ಕೆ ಹಾರಿ ಗೋಡೆಗೆ ಬಡಿಯುತ್ತಾನೆ, ನಾಯಕ ಮಾತ್ರ ಕದಲುವುದಿಲ್ಲ. ಇನ್ನೊಂದು, ಶೂಟಿಂಗ್ ಸ್ಪರ್ಧೆಗೆ ಅಭ್ಯಾಸ ಮಾಡುವ ಹುಡುಗರ ಗುಂಪುಗಳಲ್ಲಿ ಬರುವ ಸಲಹೆ. ಇಂಥ ಬಫರ್, ಇಂಥ ಸ್ಪ್ರಿಂಗ್ ಹಾಕಿಸಿಕೊಂಡರೆ ರೈಫಲ್ ಒದೆಯುವುದೇ ಇಲ್ಲ, ಯಾವ ರೈಫಲ್‌ಗಾದರೂ ಕೂರುತ್ತದೆ, ಬೆಲೆಯೂ ಕಡಿಮೆ ಎನ್ನುತ್ತದೆ ಅದು. ಎರಡೂ ತಪ್ಪು. ಏಕೆ ತಪ್ಪು ಎಂದು ವಿವರಿಸಲು ಸೂತ್ರಗಳಿಂದ ಶುರುಮಾಡಬಹುದಿತ್ತು. ಆದರೆ ನಮ್ಮದೇ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಯಳಂದೂರು, ಕೊಳ್ಳೇಗಾಲದ ಆಸುಪಾಸಿನ ಕಾಡುಗಳಲ್ಲಿ, ಭೂಮಿಯ ಮೇಲೆ ಹೆಗಲಿಗಿಟ್ಟು ಹಾರಿಸಬಹುದಾದ ಅತಿ ದೊಡ್ಡ ಕೋವಿಗಳನ್ನು ಹಿಡಿದು ಓಡಾಡಿದ ಒಬ್ಬ ಮನುಷ್ಯನಿದ್ದ. ಅವನ ಬದುಕಿನ ಜೊತೆಗೇ ಹೋದರೆ ವಿಷಯ ಬೇಗ ತಿಳಿಯುತ್ತದೆ.

ಆತನ ಹೆಸರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಹುಟ್ಟಿದ್ದು 1848ರಲ್ಲಿ, ಭಾರತದಲ್ಲೇ. ತಂದೆ ಡೇನಿಯಲ್ ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿದ್ದ ವೆಸ್ಲಿಯನ್ ಪಾದ್ರಿ. ಕನ್ನಡ ನಿಘಂಟುಗಳ ಚರಿತ್ರೆ ಓದಿದವರಿಗೆ ಈ ತಂದೆಯ ಹೆಸರು ಗೊತ್ತಿರುತ್ತದೆ. ವಿಲಿಯಂ ರೀವ್ ಮಾಡಿದ್ದ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ, ಬೆಳೆಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದವರು ಅವರೇ. ಕಿಟ್ಟೆಲ್ ನಿಘಂಟು ಬರಲು ಇನ್ನೂ 36 ವರ್ಷ ಇತ್ತು. ಮಗ ಓದಿಗೆ ಇಂಗ್ಲೆಂಡಿಗೆ ಹೋಗಿ, 1864ರಲ್ಲಿ, ಹದಿನಾರರ ಹರೆಯದಲ್ಲಿ, ಮತ್ತೆ ಇತ್ತ ಬಂದ. ಕನ್ನಡ ಕಲಿತ. ಮೈಸೂರಿನ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1831ರಿಂದ 1881ರವರೆಗೆ ಹಾಗೆಯೇ ಇತ್ತು.

ನಾಲೆ ನೋಡಿಕೊಳ್ಳುವವನಿಗೆ ಕಾಡು ಹೇಗೆ ಹತ್ತಿರವಾಯಿತು ಎಂದು ಕೇಳಬಹುದು. ಹಳೇ ಮೈಸೂರಿನ ನಾಲೆಗಳು ಹೊಳೆಯಿಂದ ಹೊರಟು ಕಾಡಂಚಿನ ಹಳ್ಳಿಗಳ ಗದ್ದೆಗೆ ಹೋಗುವಂಥವು. ಕುದುರೆ ಹತ್ತಿ ನೂರಾರು ಮೈಲಿ ಸುತ್ತಬೇಕು, ರಾತ್ರಿ ಡೇರೆಯಲ್ಲಿ ಮಲಗಬೇಕು, ರೈತರ ಅಹವಾಲು ಕೇಳಬೇಕು. ಅಹವಾಲುಗಳಲ್ಲಿ ಅರ್ಧ ನೀರಿನದು, ಇನ್ನರ್ಧ ಆನೆಯದು. ನಮ್ಮ ಸುವರ್ಣಾವತಿಯನ್ನು ಜನ ಹೊನ್ನುಹೊಳೆ ಎಂದೂ ಕರೆಯುತ್ತಿದ್ದರು. ಸ್ಯಾಂಡರ್ಸನ್ನನ ಬರಹದಲ್ಲೂ ಅದು ಹೊನ್ನುಹೊಳೆಯೇ. ಚಾಮರಾಜನಗರದ ಬಯಲಿನಲ್ಲಿ ಹರಿದು, ಯಳಂದೂರು ದಾಟಿ, ಕೊಳ್ಳೇಗಾಲದ ಕಡೆ ಕಾವೇರಿ ಸೇರುವ ಹೊಳೆ ಇದು. ಆತ ಬೀಡುಬಿಟ್ಟದ್ದು ಇದರ ದಡದ ಸೀಮೆಯಲ್ಲಿ.

ಅಂದಿನ ನಕ್ಷೆ ಇಂದಿನಂತಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಕೊಳ್ಳೇಗಾಲ ಮತ್ತು ಅದರೊಳಗಿದ್ದ ಹನೂರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು, 1956ರ ನವೆಂಬರ್ 1ರವರೆಗೂ. ಅಂದರೆ ಬೆಟ್ಟದ ಒಂದು ಮಗ್ಗುಲು ಮೈಸೂರು, ಇನ್ನೊಂದು ಮಗ್ಗುಲು ಮದ್ರಾಸು, ಕೆಳಗೆ ಜಹಗೀರು. ಆನೆಗಳಿಗೆ ಇದಾವುದೂ ಗೊತ್ತಿರಲಿಲ್ಲ.

ಕಾಡು ತೋರಿಸಿದವರು ಸೋಲಿಗರು. ಬಿಳಿಗಿರಿಯ ಸೋಲಿಗರು ಹೆಜ್ಜೆ ನೋಡಿ ಪ್ರಾಣಿ ಎಷ್ಟು ಹೊತ್ತಿಗೆ ಹಾದುಹೋಯಿತು, ಗಂಡೋ ಹೆಣ್ಣೋ, ಮೇಯುತ್ತಿತ್ತೋ ಓಡುತ್ತಿತ್ತೋ ಎಂದು ಹೇಳಬಲ್ಲವರು. ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ಅವರ ಈ ವಿದ್ಯೆಯನ್ನು ಮನಸಾರೆ ಮೆಚ್ಚಿದ್ದಾನೆ. ಆದರೆ ಆ ಕಾಲದ ಇತರ ಬಿಳಿಯ ಬೇಟೆಗಾರರಂತೆ ಮೇಲಿನಿಂದ ಕೆಳಕ್ಕೆ ನೋಡುವ ಧಾಟಿಯೂ ಅಲ್ಲಲ್ಲಿ ಇದೆ. ಎರಡನ್ನೂ ಹೇಳಿದರೆ ಮಾತ್ರ ಚಿತ್ರ ಸರಿಯಾಗುತ್ತದೆ.

ಕೋವಿಯ ಲೆಕ್ಕ

1870ರಲ್ಲಿ ಕಾಕನಕೋಟೆಯ ಬಳಿ ಒಂದು ಒಂಟಿ ಸಲಗ ದಾರಿಹೋಕರನ್ನು ಕೊಲ್ಲುತ್ತಾ ರಸ್ತೆಯನ್ನೇ ಬಂದ್ ಮಾಡಿತ್ತು. ಅದನ್ನು ಹೊಡೆದವನು ಸ್ಯಾಂಡರ್ಸನ್, ಆಗ ಅವನಿಗೆ ಇಪ್ಪತ್ತೆರಡರ ಆಸುಪಾಸು. ಮುಂದೆ ಚಾಮರಾಜನಗರದ ಸುತ್ತಿನ ಹಳ್ಳಿಗಳನ್ನು ನಡುಗಿಸಿದ್ದ ನರಭಕ್ಷಕ ಹೆಣ್ಣುಹುಲಿಯನ್ನೂ ಕೊಂದ. ಆನೆ ಮತ್ತು ಕಾಟಿಗೆ ಆತ ಬಳಸುತ್ತಿದ್ದದ್ದು 4 ಬೋರ್ ಮತ್ತು 8 ಬೋರ್ ಕೋವಿಗಳು.

ಬೋರ್ ಎಂದರೇನು? ಈ ಭಾಗದ ಹಳ್ಳಿಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡವರಿಗೆ 12 ಬೋರ್ ಗೊತ್ತು. ಸಂಖ್ಯೆ ದೊಡ್ಡದಾದರೆ ಕೋವಿಯೂ ದೊಡ್ಡದು ಎಂದು ಅನೇಕರು ತಿಳಿದಿದ್ದಾರೆ. ನಿಜ ಅದರ ಉಲ್ಟಾ. ಒಂದು ಪೌಂಡು ಸೀಸದಲ್ಲಿ, ಅಂದರೆ 454 ಗ್ರಾಂನಲ್ಲಿ, ನಳಿಕೆಯ ಅಳತೆಗೆ ಸರಿಯಾಗಿ ಎಷ್ಟು ಗುಂಡು ಎರಕ ಹೊಯ್ಯಬಹುದೋ ಅದೇ ಬೋರ್. 12 ಬೋರ್‌ಗೆ 12 ಗುಂಡು, ಒಂದೊಂದೂ 38 ಗ್ರಾಂ. 8 ಬೋರ್‌ಗೆ 57 ಗ್ರಾಂ. 4 ಬೋರ್‌ಗೆ ನಾಲ್ಕೇ ಗುಂಡು, ಒಂದೊಂದೂ 113 ಗ್ರಾಂ. ಸೀಸದ ಅಷ್ಟು ತೂಕದ ಉಂಡೆಯ ಅಡ್ಡಳತೆ ಸುಮಾರು 27 ಮಿಲಿಮೀಟರ್. ಜೇಬಿನಲ್ಲಿ ಹತ್ತು ರೂಪಾಯಿ ನಾಣ್ಯ ಇದ್ದರೆ ತೆಗೆದು ನೋಡಿ, ಆ ನಾಣ್ಯದ ಅಡ್ಡಳತೆಯೂ ಅಷ್ಟೇ. ಅಷ್ಟು ಅಗಲದ ಸೀಸದ ಚೆಂಡು ಹೆಗಲ ಮೇಲಿಟ್ಟ ಕೊಳವೆಯಿಂದ ಹೊರಡುತ್ತಿತ್ತು.

ಈಗ ಒಂದು ಅಂದಾಜು ಲೆಕ್ಕ ಹಾಕೋಣ. ಈ ದೊಡ್ಡ ಕೋವಿಗಳಿಗೆ 10ರಿಂದ 12 ಡ್ರಾಮ್, ಅಂದರೆ 18ರಿಂದ 21 ಗ್ರಾಂ ಕರಿಮದ್ದು ತುಂಬುತ್ತಿದ್ದರು. ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಿತು ಎಂದುಕೊಳ್ಳಿ. 0.113 ಕಿಲೋ ಗುಣಿಸು 400, ಸುಮಾರು 45. ಸುಟ್ಟ ಮದ್ದಿನ ಹೊಗೆಯೂ ಮುಂದಕ್ಕೆ ಚಿಮ್ಮುತ್ತದೆ, ಅದರ ಪಾಲು ಇನ್ನೊಂದು 12. ಒಟ್ಟು 57. ಇದನ್ನು ಚಲನೆಯ ಮೊತ್ತ ಎಂದು ಕರೆಯೋಣ. ಮುಂದಕ್ಕೆ 57 ಹೋದರೆ ಹಿಂದಕ್ಕೂ 57 ಬರಲೇಬೇಕು. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮ ಇಲ್ಲಿ ಹೆಗಲಿಗೆ ಬಂದು ಬಡಿಯುತ್ತದೆ. ಹೋಲಿಕೆಗೆ ಹೇಳುವುದಾದರೆ, ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಮೊತ್ತ ಸುಮಾರು 6. ಒಂಬತ್ತು ಬೌಲರ್‌ಗಳು ಒಂದೇ ಕ್ಷಣಕ್ಕೆ ಒಂದೇ ಹೆಗಲಿಗೆ ಎಸೆದಂತೆ.

ಹಾಗಾದರೆ ಕೋವಿ ಹಾರಿಸಿದವನು ಸತ್ತೇ ಹೋಗಬೇಕಲ್ಲ? ಇಲ್ಲ. ಇಲ್ಲಿ ಕಾಪಾಡುವುದು ಕೋವಿಯ ತೂಕ. 4 ಬೋರ್ ಕೋವಿ ಒಂಬತ್ತು ಕಿಲೋ ಇದ್ದರೆ ಅದು ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ 6.3 ಮೀಟರ್. ಒಂಬತ್ತು ಕಿಲೋ ಕಬ್ಬಿಣವನ್ನು ಎರಡು ಮೀಟರ್ ಎತ್ತರದಿಂದ ಹೆಗಲ ಮೇಲೆ ಬೀಳಿಸಿದರೆ ಎಷ್ಟೋ ಅಷ್ಟು. ಅದೇ ಗುಂಡು, ಅದೇ ಮದ್ದನ್ನು ನಾಲ್ಕು ಕಿಲೋ ಕೋವಿಯಲ್ಲಿ ಹಾರಿಸಿದರೆ ವೇಗ 14 ಮೀಟರ್ ದಾಟುತ್ತದೆ, ಹೊಡೆತದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಕೊರಳೆಲುಬು ಉಳಿಯುವುದು ಕಷ್ಟ. ಆನೆ ಕೋವಿಗಳನ್ನು ಅಷ್ಟು ಭಾರ ಮಾಡಿದ್ದು ಇದೇ ಕಾರಣಕ್ಕೆ. ಬೆಟ್ಟ ಹತ್ತುವಾಗ ಆ ಭಾರ ಬೇರೆಯವರ ಹೆಗಲ ಮೇಲಿರುತ್ತಿತ್ತು ಎಂಬುದು ಬೇರೆ ಮಾತು. ಹಾರಿಸುವ ಹೊತ್ತಿಗಷ್ಟೇ ದೊರೆಯ ಕೈಗೆ.

ಮೊದಲ ಫಾರ್ವರ್ಡ್‌ನ ತಪ್ಪು ಈ ಲೆಕ್ಕದಲ್ಲೇ ಬಯಲಾಗುತ್ತದೆ. 70 ಕಿಲೋ ಮನುಷ್ಯ ಕೋವಿಯನ್ನು ಬಿಗಿಯಾಗಿ ಒತ್ತಿ ಹಿಡಿದಿದ್ದರೆ ಇಬ್ಬರೂ ಸೇರಿ 79 ಕಿಲೋ. 57ನ್ನು 79ರಿಂದ ಭಾಗಿಸಿದರೆ ಸೆಕೆಂಡಿಗೆ 0.7 ಮೀಟರ್, ನಿಧಾನವಾಗಿ ನಡೆಯುವವನ ವೇಗ. ಒಂದು ಹೆಜ್ಜೆ ಹಿಂದಿಡಬೇಕಾಗುತ್ತದೆ, ನಿಲುವು ಸರಿಯಿಲ್ಲದಿದ್ದರೆ ಕುಕ್ಕರಿಸಬಹುದು. ಗಾಳಿಯಲ್ಲಿ ಹಾರುವುದಿಲ್ಲ. ಗುಂಡು ತಗುಲಿದ ಕಡೆಗೂ ಇದಕ್ಕಿಂತ ಹೆಚ್ಚು ನೂಕು ಸಿಗುವುದಿಲ್ಲ, ಹೊರಟದ್ದಕ್ಕಿಂತ ಹೆಚ್ಚು ತಲುಪಲು ಸಾಧ್ಯವೇ ಇಲ್ಲ. ನಾಲ್ಕು ಟನ್ ಸಲಗಕ್ಕೆ ಈ ಗುಂಡು ಬಡಿದರೆ ಅದು ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್ ಚಿಲ್ಲರೆ. ಗುಂಡು ಕೊಲ್ಲುವುದು ನೂಕಿ ಅಲ್ಲ, ಒಳಹೊಕ್ಕು. ಆನೆಯ ತಲೆಬುರುಡೆ ಜೇನುಗೂಡಿನಂತೆ ಟೊಳ್ಳು ಟೊಳ್ಳಾದ ಮೂಳೆ, ಮಿದುಳು ಅದರ ಹಿಂಭಾಗದಲ್ಲಿ ಅಡಗಿ ಕೂತಿರುತ್ತದೆ. ಅಲ್ಲಿಗೆ ತಲುಪದ ಗುಂಡು ಆನೆಯನ್ನು ರೊಚ್ಚಿಗೆಬ್ಬಿಸುತ್ತದೆ ಅಷ್ಟೇ.

ಆ ಕಾಲದ ಬೇಟೆಗಾರರು ಒದೆತದ ಬಗ್ಗೆ ಒಣಜಂಬ ಕೊಚ್ಚಿಕೊಂಡದ್ದುಂಟು. ಆದರೆ ನಿಜ ಒಪ್ಪಿಕೊಂಡವರೂ ಇದ್ದರು. ನೈಲ್ ನದಿಯ ಮೂಲ ಹುಡುಕಿ ಹೋದ ಸ್ಯಾಮ್ಯುಯೆಲ್ ಬೇಕರ್ ಅರ್ಧ ಪೌಂಡಿನ ಗುಂಡು ಹಾರಿಸುವ ಒಂದು ಕೋವಿ ಇಟ್ಟುಕೊಂಡಿದ್ದ, ಅದನ್ನು ಹಾರಿಸಲು ಅವನಿಗೇ ಹೆದರಿಕೆ. ಆಫ್ರಿಕಾದಲ್ಲಿ 4 ಬೋರ್ ಕೋವಿಗಳಿಂದಲೇ ಹೆಸರು ಮಾಡಿದ ಫ್ರೆಡರಿಕ್ ಸೆಲೂಸ್, ಅವುಗಳ ಒದೆತದಿಂದ ತನ್ನ ನರಗಳೇ ಕೆಟ್ಟುವೆಂದೂ, ಮುಂದೆ ಸಣ್ಣ ಕೋವಿಯಲ್ಲಿ ಗುರಿಯಿಡುವಾಗಲೂ ಅದರ ಪರಿಣಾಮ ಕಾಡಿತೆಂದೂ ಪರಿತಪಿಸಿ ಬರೆದ. ನಮ್ಮ ಓದುಗರಿಗೆ ತೇಜಸ್ವಿಯವರ ಕನ್ನಡದ ಮೂಲಕ ಪರಿಚಿತನಾದ ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದ .405 ವಿಂಚೆಸ್ಟರ್ ಕೂಡ ಒದೆತಕ್ಕೆ ಕುಖ್ಯಾತಿ ಪಡೆದದ್ದೇ.

ಸೆಲೂಸ್ ಹೇಳಿದ ಈ ನರದ ತೊಂದರೆಯೇ ಇಂದಿನ ಶೂಟರ್‌ಗೂ ಮುಖ್ಯ. ಹೆಗಲ ನೋವು ನಾಲ್ಕು ದಿನಕ್ಕೆ ಹೋಗುತ್ತದೆ. ಆದರೆ ಒದೆತ ಬರಲಿದೆ ಎಂದು ಮೈ ಕಲಿತುಬಿಟ್ಟರೆ, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ತಳ್ಳುತ್ತದೆ, ನಳಿಕೆ ಕೆಳಗೆ ಬಾಗುತ್ತದೆ. ಹಾರಿಸುವವನಿಗೆ ಇದು ಗೊತ್ತೇ ಆಗುವುದಿಲ್ಲ. ಕೋಚ್ ಒಬ್ಬರು ಗೊತ್ತಾಗದಂತೆ ಖಾಲಿ ತೋಟಾ ಇಟ್ಟು ಕೊಟ್ಟಾಗ ಮಾತ್ರ, ಸಿಡಿಯದ ರೈಫಲ್ ಕುಪ್ಪಳಿಸುವುದು ಕಣ್ಣಿಗೆ ಬೀಳುತ್ತದೆ. ಸ್ಯಾಂಡರ್ಸನ್ ಎದುರಿದ್ದದ್ದು ಕಾಗದದ ಗುರಿಯಲ್ಲ, ನುಗ್ಗಿ ಬರುವ ಸಲಗ. ಕರಿಮದ್ದಿನ ಹೊಗೆ ಮುಂದೆ ಪರದೆ ಕಟ್ಟಿ, ಆನೆ ಬಿತ್ತೋ ಬರುತ್ತಿದೆಯೋ ಕಾಣದ ಸ್ಥಿತಿ. ಅಲ್ಲಿ ಕಣ್ಣು ಮುಚ್ಚಿದವನು ಬದುಕುತ್ತಿರಲಿಲ್ಲ.

ಬಫರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಒದೆತವನ್ನು ಇಲ್ಲವಾಗಿಸುವ ವಸ್ತು ಯಾವ ಅಂಗಡಿಯಲ್ಲೂ ಇಲ್ಲ. 57 ಮುಂದೆ ಹೋದರೆ 57 ಹಿಂದೆ ಬಂದೇ ಬರುತ್ತದೆ. ನಮ್ಮ ಕೈಲಿರುವುದು ಅದನ್ನು ಹೆಚ್ಚು ಹೊತ್ತಿಗೆ, ಹೆಚ್ಚು ಜಾಗಕ್ಕೆ ಹರಡುವುದು. ಸ್ಯಾಂಡರ್ಸನ್ನನ ಕಾಲದಲ್ಲೇ, 1870ರ ದಶಕದಲ್ಲಿ, ಲಂಡನ್ನಿನ ಸಿಲ್ವರ್ ಕಂಪನಿ ಕೋವಿಯ ಹಿಂಬದಿಗೆ ಹಾಕುವ ರಬ್ಬರ್ ಪ್ಯಾಡ್ ಮಾರುತ್ತಿತ್ತು. ಲಂಡನ್ನಿನ ಸಿಲ್ವರ್‌ಟೌನ್ ಎಂಬ ಬಡಾವಣೆಗೆ ಹೆಸರು ಬಂದದ್ದೂ ಈ ರಬ್ಬರ್ ಕಂಪನಿಯಿಂದಲೇ. ಪ್ಯಾಡ್ ಮಾಡುವುದು ಬಸ್ಸಿನ ಸೀಟಿನ ಸ್ಪಂಜು ಮಾಡುವ ಕೆಲಸ. ಗುಂಡಿ ಗುಂಡಿಯೇ, ಕುಲುಕು ಮಾತ್ರ ಮೃದು. ಆದರೆ ಪ್ಯಾಡ್ ದಪ್ಪವಾದಷ್ಟೂ ಹೆಗಲಿನಿಂದ ಟ್ರಿಗರಿಗೆ ಇರುವ ದೂರ ಹೆಚ್ಚುತ್ತದೆ. ಕೈ ಚಿಕ್ಕದಿರುವ ಹುಡುಗಿಗೆ ಎರಡು ಸೆಂಟಿಮೀಟರ್ ಪ್ಯಾಡ್ ಹಾಕಿದರೆ ಕತ್ತು ಚಾಚಿ ಗುರಿ ನೋಡಬೇಕಾಗುತ್ತದೆ. ರಬ್ಬರು ಬಿಸಿಲಿಗೂ ಎಣ್ಣೆಗೂ ವರ್ಷಗಳಲ್ಲಿ ಗಟ್ಟಿಯಾಗುತ್ತದೆ ಎಂಬುದೂ ನೆನಪಿರಲಿ. ಉಗುರು ಒತ್ತಿದಾಗ ಬಗ್ಗದ ಪ್ಯಾಡ್ ಮರದ ತುಂಡಿಗೆ ಸಮ.

ಬಫರ್ ಎಂಬುದು ಪ್ಯಾಡ್ ಅಲ್ಲ. ಈ ಎರಡನ್ನು ಬೆರೆಸಿದ್ದರಿಂದಲೇ ಫಾರ್ವರ್ಡ್‌ಗಳ ಅರ್ಧ ಗೊಂದಲ ಹುಟ್ಟಿದೆ. ಒಂದು ಗುಂಡು ಹಾರಿದ ಕೂಡಲೇ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳಲ್ಲಿ ಬೋಲ್ಟ್ ಹಿಂದಕ್ಕೆ ಓಡುತ್ತದೆ. ಕೆಲವು ವಿನ್ಯಾಸಗಳಲ್ಲಿ ಅದರ ಹಿಂದೆ, ಹೆಗಲಿಗಿಡುವ ಭಾಗದೊಳಗಿನ ಕೊಳವೆಯಲ್ಲಿ, ಒಂದು ಸ್ಪ್ರಿಂಗ್ ಮತ್ತು ಒಂದು ಭಾರದ ತುಂಡು ಇರುತ್ತದೆ. ಆ ತುಂಡೇ ಬಫರ್. ಬೋಲ್ಟಿನ ಓಟವನ್ನು ತಡೆದು, ನಿಲ್ಲಿಸಿ, ಮತ್ತೆ ಮುಂದಕ್ಕೆ ತಳ್ಳುವುದು ಈ ಜೋಡಿಯ ಕೆಲಸ. ಹೆಗಲಿಗೆ ಹಿತವಾಗುವುದು ಅದರ ಅಡ್ಡ ಲಾಭ.

ಹೊಂದಾಣಿಕೆ ಎಂಬ ಮಾತು ಇಲ್ಲಿ ಬರುತ್ತದೆ. ಬಫರಿನ ತೂಕ, ಸ್ಪ್ರಿಂಗಿನ ಬಿಗಿ, ಕೊಳವೆಯ ಉದ್ದ, ಈ ಮೂರೂ ಒಂದು ಸಂಸಾರ. ಜೊತೆಗೆ ನೀವು ಬಳಸುವ ತೋಟಾದ ಬಲ. ಬಫರ್ ಹಗುರವಾದರೆ ಬೋಲ್ಟ್ ವೇಗವಾಗಿ ಹಿಂದಕ್ಕೆ ಹೋಗಿ ದಬಕ್ಕನೆ ಬಡಿಯುತ್ತದೆ, ಒದೆತ ಎರಡು ಸಲ ಆದಂತೆ ಅನಿಸುತ್ತದೆ, ಬಿಡಿಭಾಗಗಳು ಬೇಗ ಸವೆಯುತ್ತವೆ. ಬಫರ್ ವಿಪರೀತ ಭಾರವಾದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದೇ ಇಲ್ಲ, ಖಾಲಿ ತೋಟಾ ಹೊರಬರದೆ ಸಿಕ್ಕಿಕೊಳ್ಳುತ್ತದೆ, ಸ್ಪರ್ಧೆಯ ಮಧ್ಯೆ ಅಂಕ ಹೋಗುತ್ತದೆ. ಉದ್ದ ಕೊಳವೆಗೆ ಗಿಡ್ಡ ಬಫರ್ ಹಾಕಿದರೆ ಬೋಲ್ಟ್ ಹೋಗಬಾರದಷ್ಟು ಹಿಂದೆ ಹೋಗಿ ಲೋಹಕ್ಕೆ ಲೋಹ ತಾಗುತ್ತದೆ, ರೈಫಲಿನ ದೇಹವೇ ಬಿರುಕು ಬಿಡಬಹುದು. ಆದ್ದರಿಂದ ಒಂದನ್ನು ಬದಲಿಸುವವರು ತಯಾರಕರು ಆ ಮಾದರಿಗೆ ಹೇಳಿದ ಜೊತೆಯನ್ನೇ, ಇಡೀ ಸೆಟ್ಟಾಗಿ, ಬದಲಿಸಬೇಕು. ಎಲ್ಲ ರೈಫಲ್‌ಗೂ ಕೂರುತ್ತದೆ ಎಂದು ಮಾರುವವರ ಬಳಿ ಯಾವ ಮಾದರಿಯ ಕೊಳವೆಗೆ, ಎಷ್ಟು ಗ್ರಾಂ ಎಂದು ಕೇಳಿ ನೋಡಿ. ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಇನ್ನೊಂದು ತಮಾಷೆ ಏನೆಂದರೆ, ನಮ್ಮ ಊರುಗಳಲ್ಲಿ ಸ್ಪರ್ಧೆಗೆ ಕಲಿಯುವ ಹೆಚ್ಚಿನ ಮಕ್ಕಳ ಕೈಯಲ್ಲಿರುವುದು 10 ಮೀಟರ್ ಏರ್ ರೈಫಲ್. ಅರ್ಧ ಗ್ರಾಂ ಚಿಲ್ಲರೆಯ ಛರ್ರೆ, ಸೆಕೆಂಡಿಗೆ 170 ಮೀಟರ್ ವೇಗ, ಐದು ಕಿಲೋ ರೈಫಲ್. ಲೆಕ್ಕ ಹಾಕಿದರೆ ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ ಎರಡು ಸೆಂಟಿಮೀಟರಿಗಿಂತ ಕಡಿಮೆ. ಹೆಗಲಿಗೆ ಇರುವೆ ಕಚ್ಚಿದಷ್ಟೂ ಇಲ್ಲ. 50 ಮೀಟರ್ ಸ್ಪರ್ಧೆಯ ಒಂಟಿ ತೋಟಾದ .22 ರೈಫಲಿನಲ್ಲೂ ಮೇಲೆ ಹೇಳಿದ ಬಗೆಯ ಬಫರ್ ಇರುವುದಿಲ್ಲ, ಏಕೆಂದರೆ ಅದರ ಬೋಲ್ಟನ್ನು ಕೈಯಿಂದಲೇ ಎಳೆಯುತ್ತೇವೆ. ಇಲ್ಲದ ಜಾಗಕ್ಕೆ ಬಿಡಿಭಾಗ ಕೊಳ್ಳುವುದೆಂದರೆ ಸೈಕಲ್ಲಿಗೆ ರೇಡಿಯೇಟರ್ ಕೊಂಡಂತೆ.

ಹಾಗೆಂದು ಏರ್ ರೈಫಲಿನಲ್ಲಿ ಕಂಪನ ಲೆಕ್ಕಕ್ಕಿಲ್ಲ ಎಂದಲ್ಲ. ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಛರ್ರೆ ನಳಿಕೆಯೊಳಗೆ ಇರುವಾಗಲೇ ರೈಫಲ್ ಕೂದಲೆಳೆಯಷ್ಟು ಅಲುಗಿದರೂ ಗುರಿ ಜಾರುತ್ತದೆ. ಹಳೆಯ ಸ್ಪ್ರಿಂಗ್ ಏರ್ ರೈಫಲುಗಳಲ್ಲಿ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುವುದರಿಂದ ಈ ಅಲುಗಾಟ ಜಾಸ್ತಿ. ಅದಕ್ಕೇ ಜರ್ಮನಿಯ ಫೈನ್‌ವೆರ್ಕ್‌ಬೌ ಕಂಪನಿ ತನ್ನ 300 ಮಾದರಿಯಲ್ಲಿ ನಳಿಕೆ ಮತ್ತು ಯಂತ್ರಭಾಗವನ್ನು ಹಳಿಯ ಮೇಲೆ ಕೂರಿಸಿ, ಹಾರಿಸಿದಾಗ ಅದಷ್ಟೇ ಹಿಂದಕ್ಕೆ ಜಾರುವಂತೆ ಮಾಡಿತು. ಕೆನ್ನೆ, ಹೆಗಲು ತಾಗಿದ ಭಾಗ ಕದಲುವುದಿಲ್ಲ. ಈಗಿನ ಗಾಳಿ ತುಂಬಿದ ಸಿಲಿಂಡರಿನ ರೈಫಲುಗಳಲ್ಲಿ ಹಲವಕ್ಕೆ ಒಳಗೆ ಪುಟ್ಟ ಎದುರುತೂಕವೊಂದು ಇದ್ದು, ಒದೆತ ಹುಟ್ಟುವ ಕ್ಷಣಕ್ಕೇ ಅದನ್ನು ತಿಂದುಹಾಕುತ್ತದೆ. ಇದು ಕಾರ್ಖಾನೆಯಲ್ಲೇ ಆ ರೈಫಲಿಗೆಂದೇ ಹದಗೊಳಿಸಿದ ಭಾಗ. ಒಂದು ಕಂಪನಿಯದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಿದರೆ ಸುಧಾರಿಸುವುದಿರಲಿ, ಇದ್ದದ್ದೂ ಕೆಡುತ್ತದೆ. ತೂಕದ ತುಂಡು ಸೇರಿಸುವವರೂ ಎಚ್ಚರ ವಹಿಸಬೇಕು. ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ರೈಫಲ್ 5.5 ಕಿಲೋ ಮೀರುವಂತಿಲ್ಲ, ಸ್ಪರ್ಧೆಗೆ ಮೊದಲು ತಕ್ಕಡಿಗಿಡುತ್ತಾರೆ.

ಮದ್ದು ಗುಂಡಿನ ಬಂದೂಕಿನ ಒಳಭಾಗವನ್ನು ಪರಿಚಯದ ಲೇತ್ ಅಂಗಡಿಯಲ್ಲಿ ಬದಲಿಸಿಕೊಡುತ್ತಾರೆ ಎಂಬ ಸಲಹೆಯೂ ಓಡಾಡುತ್ತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕು ರಿಪೇರಿ ಮಾಡುವವರಿಗೂ ಪರವಾನಗಿ ಬೇಕು. ಅದಿಲ್ಲದವರ ಕೈಗೆ ಕೊಟ್ಟರೆ ಹೆಗಲಷ್ಟೇ ಅಲ್ಲ, ಲೈಸೆನ್ಸೂ ಹೋಗುತ್ತದೆ.

ಕೊಲ್ಲುವುದರಿಂದ ಹಿಡಿಯುವುದಕ್ಕೆ

ಸ್ಯಾಂಡರ್ಸನ್ ಹೆಸರು ಉಳಿದದ್ದು ಕೋವಿಯಿಂದಲ್ಲ. ಬೆಳೆ ತಿನ್ನುವ ಆನೆಗಳನ್ನು ಕೊಲ್ಲುತ್ತಾ ಹೋಗುವುದರ ಬದಲು ಹಿಂಡುಗಟ್ಟಲೆ ಹಿಡಿದು ಪಳಗಿಸಿದರೆ ಸರ್ಕಾರಕ್ಕೂ ಲಾಭ, ರೈತನಿಗೂ ನೆಮ್ಮದಿ ಎಂದು 1873ರಲ್ಲಿ ಆತ ಮೈಸೂರು ಸರ್ಕಾರದ ಮುಂದೆ ಯೋಜನೆ ಇಟ್ಟ. ಆನೆ ಹಿಡಿದ ಅನುಭವ ಅವನಿಗಿರಲಿಲ್ಲ, ಹಿಡಿಯುವುದನ್ನು ನೋಡಿರಲೂ ಇಲ್ಲ. ಜನ ನಕ್ಕರು. ನೂರು ವರ್ಷದ ಹಿಂದೆ ಹೈದರಾಲಿಯೇ ಕಾಕನಕೋಟೆಯಲ್ಲಿ ಪ್ರಯತ್ನಿಸಿ ಸೋತು, ಮುಂದೆ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಅವರಿಗೆ ಶಾಪ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದ ಎಂಬ ಕಥೆ ಆಗ ಪ್ರಚಾರದಲ್ಲಿತ್ತು. ಸ್ಯಾಂಡರ್ಸನ್ ಆ ಕಲ್ಲಿನ ವಿಷಯವನ್ನು ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಅಂದಿನ ಫಾರ್ವರ್ಡ್ ಎನ್ನಬಹುದು, ಕಲ್ಲಿನ ಮೇಲೆ ಬರೆದದ್ದರಿಂದ ಡಿಲೀಟ್ ಮಾಡಲಾಗದು.

ಶಾಪ ತಟ್ಟಲಿಲ್ಲ. 1874ರಲ್ಲಿ ಚಾಮರಾಜನಗರದ ಬಳಿ ಹೊನ್ನುಹೊಳೆಯ ದಡದಲ್ಲಿ ಒಂದೇ ಖೆಡ್ಡಾದಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳು ಸಿಕ್ಕವು. ಖೆಡ್ಡಾ ಎಂದರೆ ಹಿಂಡನ್ನು ನೂರಾರು ಜನ ಸುತ್ತುವರಿದು, ತಮಟೆ ಬೆಂಕಿಗಳಿಂದ ನಿಧಾನವಾಗಿ ಓಡಿಸಿ, ಕಂದಕ ಮತ್ತು ದಿಮ್ಮಿಗಳ ಆವರಣದೊಳಗೆ ಸೇರಿಸಿ ಬಾಗಿಲು ಬೀಳಿಸುವುದು. ಆಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಹೋಗಿ ಒಂದೊಂದಕ್ಕೂ ಹಗ್ಗ ಬಿಗಿಯುತ್ತಾರೆ. ಕೆಲಸ ಮಾಡಿದವರು ಇದೇ ಸೀಮೆಯ ಹಳ್ಳಿಗರು ಮತ್ತು ಕಾಡಿನ ಜನ. ಈ ಯಶಸ್ಸು ಕಂಡ ಬಂಗಾಳ ಸರ್ಕಾರ ಅವನನ್ನು ಎರವಲು ಕೇಳಿತು. ಸ್ವಲ್ಪ ಕಾಲ ಢಾಕಾ, ಚಿತ್ತಗಾಂಗ್, ಗಾರೋ ಬೆಟ್ಟಗಳಲ್ಲಿ ಆನೆ ಹಿಡಿದು ಮತ್ತೆ ಮೈಸೂರಿಗೆ ಮರಳಿದ.

ಖೆಡ್ಡಾವನ್ನು ಕರುಣೆಯ ಕೆಲಸವೆಂದು ಬಣ್ಣಿಸುವ ಬರಹಗಳನ್ನು ನಾವು ಓದಿದ್ದೇವೆ, ಪೂರ್ತಿ ಒಪ್ಪುವುದಿಲ್ಲ. ಕೊಲ್ಲುವುದಕ್ಕಿಂತ ಮೇಲು, ಸರಿ. ಆದರೆ ಹಗ್ಗದ ಗಾಯದಿಂದ, ಗಾಬರಿಯಿಂದ, ಆಹಾರ ಬಿಟ್ಟು ಸಾಯುತ್ತಿದ್ದ ಆನೆಗಳೂ ಇದ್ದವು, ಮರಿ ಒಂದು ಕಡೆ ತಾಯಿ ಒಂದು ಕಡೆ ಆಗುತ್ತಿತ್ತು.

ಆತನ ಪುಸ್ತಕ 1878ರಲ್ಲಿ ಲಂಡನ್ನಿನಲ್ಲಿ ಬಂತು. ಭಾರತದ ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷಗಳು ಎಂಬುದು ಅದರ ಹೆಸರಿನ ಅರ್ಥ. ನಮ್ಮಂಥ ತಾಣಕ್ಕೆ ಈ ಪುಸ್ತಕ ಹತ್ತಿರವಾಗುವುದು ಬೇಟೆಯಿಂದಲ್ಲ, ಸುಳ್ಳು ಒಡೆಯುವ ಹಟದಿಂದ. ಆಗ ಹನ್ನೆರಡು ಅಡಿ, ಹದಿನೈದು ಅಡಿ ಆನೆಗಳ ಕಥೆ ಹೇಳುವುದು ರೂಢಿ. ಈತ ಟೇಪು ಹಿಡಿದು ಅಳೆದ. ಹೆಗಲಿನವರೆಗೆ ಹತ್ತು ಅಡಿ ಮುಟ್ಟುವ ಆನೆ ಭಾರತದಲ್ಲಿ ಇಲ್ಲವೆಂದೇ ತೀರ್ಮಾನಿಸಿದ. ಅದು ಸ್ವಲ್ಪ ಅತಿಯಾಯಿತು, ಹತ್ತು ಅಡಿ ದಾಟಿದ ಸಲಗಗಳು ಆಮೇಲೆ ದಾಖಲಾಗಿವೆ. ಆದರೂ ಹದಿನೈದು ಅಡಿಯ ಕಥೆ ಅಲ್ಲಿಗೆ ಸತ್ತಿತು. ಕಾಡಿನಲ್ಲಿ ಸತ್ತ ಆನೆಯ ಹೆಣ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ ಜನ ಕೊಡುತ್ತಿದ್ದ ಉತ್ತರಗಳನ್ನೂ ಬರೆದಿಟ್ಟ. ಆನೆಗೆ ಸಾವೇ ಇಲ್ಲ ಎನ್ನುವವರು ಒಂದು ಕಡೆ, ಯಾರಿಗೂ ಕಾಣದ ಒಂದು ಜಾಗಕ್ಕೆ ಹೋಗಿ ಸಾಯುತ್ತವೆ ಎನ್ನುವವರು ಇನ್ನೊಂದು ಕಡೆ. ಆನೆ ಸ್ಮಶಾನದ ಕಥೆ ಇಂದಿಗೂ ಹೊಸ ಫೋಟೊ ಹಾಕಿಕೊಂಡು ಬರುತ್ತಲೇ ಇದೆ. ಮುದಿ ಆನೆಗಳು ಹಲ್ಲು ಸವೆದು ಮೆತ್ತನೆ ಮೇವು, ನೀರು ಇರುವ ಕಡೆ ಉಳಿದು ಅಲ್ಲೇ ಸಾಯುವುದುಂಟು. ಹೆಣವನ್ನು ಹಂದಿ, ಹದ್ದು, ಹುಳ, ಮಳೆ ಬೇಗ ಮುಗಿಸುತ್ತವೆ.

1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಅವನಿಗೆ ತೋರಿಸಿದ ಮುಖ್ಯ ಸಂಭ್ರಮ ಖೆಡ್ಡಾ. ಅದರ ಹೊಣೆ ಸ್ಯಾಂಡರ್ಸನ್ನನದು. ಅದಾಗಿ ಮೂರು ವರ್ಷವೂ ತುಂಬುವ ಮೊದಲೇ, 1892ರಲ್ಲಿ, ಆತ ತೀರಿಕೊಂಡ. ವಯಸ್ಸು ನಲವತ್ತನಾಲ್ಕರ ಆಸುಪಾಸು. ಆನೆಯೂ ಅಲ್ಲ, ಹುಲಿಯೂ ಅಲ್ಲ, ಕೋವಿಯೂ ಅಲ್ಲ, ಕಾಯಿಲೆ. ಮರುವರ್ಷಗಳಲ್ಲಿ ಕಿಪ್ಲಿಂಗ್ ಬರೆದ ಆನೆಗಳ ಟೂಮಾಯ್ ಕಥೆಯಲ್ಲಿ ಪೀಟರ್ಸನ್ ಸಾಹೇಬ ಎಂಬ ಪಾತ್ರ ಬರುತ್ತದೆ, ಅದಕ್ಕೆ ಮಾದರಿ ಇವನೇ. ಆ ಕಥೆ 1937ರಲ್ಲಿ ಎಲಿಫೆಂಟ್ ಬಾಯ್ ಸಿನಿಮಾ ಆಯಿತು. ಅದರ ಪುಟ್ಟ ನಾಯಕ ಸಾಬು, ಮೈಸೂರು ಜಿಲ್ಲೆಯ ಕಾರಾಪುರದ ಮಾವುತನೊಬ್ಬನ ಮಗ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಕಾಕನಕೋಟೆಯಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆತ ತಿರುಗಿದ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ ಅರಣ್ಯ ಹಕ್ಕುಗಳಿಗೂ ಮನ್ನಣೆ ಸಿಕ್ಕಿತು. ರೈತರ ಅಹವಾಲು ಮಾತ್ರ 150 ವರ್ಷದಿಂದ ಅದೇ. ಹನೂರಿನ ಕಾಡಂಚಿನ ಜೋಳದ ಹೊಲದಲ್ಲಿ ರಾತ್ರಿ ಕಾಯುವವರು ಈಗಲೂ ಇದ್ದಾರೆ.

ಅವರಿಗೆ ಸ್ಯಾಂಡರ್ಸನ್ ಪುಸ್ತಕದ ಒಂದು ಅಳತೆ ಉಪಯೋಗಕ್ಕೆ ಬರಬಹುದು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಗಲವರೆಗಿನ ಎತ್ತರ ಹೆಚ್ಚುಕಮ್ಮಿ ಸರಿಯಾಗಿ ಸಿಗುತ್ತದೆ. ಬೆಳಗ್ಗೆ ಹೊಲದಲ್ಲಿ ಹೆಜ್ಜೆ ಕಂಡರೆ ಒಂದು ಹುರಿ ಸುತ್ತಿ ನೋಡಿ. 135 ಸೆಂಟಿಮೀಟರ್ ಬಂದರೆ ಎತ್ತರ 2.7 ಮೀಟರ್, ಅಂದರೆ ಒಂಬತ್ತು ಅಡಿಯ ಹತ್ತಿರ, ಬಹುಶಃ ಬೆಳೆದ ಗಂಡು. ಹೆಜ್ಜೆಯ ಅಂಚಿನ ಮಣ್ಣು ಇನ್ನೂ ಹಸಿಯಾಗಿದ್ದರೆ ಹುರಿ ಅಲ್ಲೇ ಬಿಟ್ಟು ಮನೆ ಕಡೆ ನಡೆಯಿರಿ, ಅರಣ್ಯ ಇಲಾಖೆಗೆ ಫೋನ್ ಮಾಡುವುದನ್ನು ಮನೆ ಸೇರಿದ ಮೇಲೆ ಮಾಡಿದರಾಯಿತು.